ಒಂದು ವಾರದ ಮಟ್ಟಿಗೆ

ಮೂರನೇ ಸಲ ಎಣಿಸಿದರೂ ಮೂವತ್ತೇಳನೇ ಕೊಂಡಿಯಲ್ಲಿ ಕೀಲಿಕೈ ಇರಲಿಲ್ಲ. ಇರುವುದಿಲ್ಲವೆಂದು ಬೀಗದಕ್ಕನಿಗೆ ಗೊತ್ತಿತ್ತು; ಇವತ್ತಲ್ಲ, ಮೂವತ್ತೊಂದು ವರ್ಷದಿಂದ ಗೊತ್ತಿತ್ತು. ಆದರೂ ಮನುಷ್ಯರ ಆಸೆ ನೋಡಿ, ಮೊದಲ ಸಾಲಿನಿಂದ ಸಾವಧಾನವಾಗಿ ಎಣಿಸಿಕೊಂಡು ಬಂದರೆ ಅದೇ ನಾಚಿಕೊಂಡು ಬಂದು ನೇತುಕೊಂಡೀತೇನೋ ಎಂಬ ಹಾಗೆ ಮತ್ತೊಮ್ಮೆ ಎಣಿಸಿದಳು. ಆ ಕೊಂಡಿಯಲ್ಲಿದ್ದದ್ದು ಒಂದು ಹಿತ್ತಾಳೆ ಬಿಲ್ಲೆ ಮಾತ್ರ. ಕಪ್ಪುಗಟ್ಟಿ ಹೋಗಿತ್ತು. ಅದರ ಮೇಲಿನ ಹೆಸರು ಓದಬೇಕಾದರೆ ಬೇರೆಯವರಿಗೆ ಕನ್ನಡಕ ಬೇಕಾಗುತ್ತಿತ್ತು, ಬೀಗದಕ್ಕನಿಗೆ ಬೇಕಿರಲಿಲ್ಲ.

ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ, ಕೆಳಗಿನ ಅಂತಸ್ತಿನ ಮೂಲೆಯಲ್ಲಿ, ಒಂದು ಕಿಟಕಿಯ ಕೋಣೆ ಅವಳದ್ದು. ಗೋಡೆ ತುಂಬ ಹಲಗೆ, ಹಲಗೆ ತುಂಬ ನೂರ ಎಂಬತ್ತು ಕೊಂಡಿ. ಅಲ್ಲಿಯ ಕಾನೂನು ಒಂದೇ. ಕೀಲಿಕೈ ಬೇಕಾದವರು ತಮ್ಮ ಹೆಸರಿನ ಬಿಲ್ಲೆ ಕೊಟ್ಟು ಪುಸ್ತಕದಲ್ಲಿ ಬರೆಯಬೇಕು. ಬಿಲ್ಲೆ ಕೊಂಡಿಗೆ ಹೋಗುತ್ತದೆ, ಕೀಲಿಕೈ ಅವರ ಜೇಬಿಗೆ. ವಾಪಸು ತಂದಾಗ ಬಿಲ್ಲೆ ವಾಪಸು. ಒಬ್ಬ ಕುಲಪತಿಗಳು ಬಿಲ್ಲೆ ಮರೆತು ಬಂದಾಗ ಅವರನ್ನೂ ನಿಲ್ಲಿಸಿ, ಮನೆಯಿಂದ ಬಿಲ್ಲೆ ತರಿಸಿದ ಮೇಲೇ ಸಭಾಂಗಣದ ಕೀಲಿಕೈ ಕೊಟ್ಟವಳು ಅವಳು. ತನ್ನ ಕಾಲದಲ್ಲಿ ಒಂದೇ ಒಂದು ಕೀಲಿಕೈ ಕಳೆದಿಲ್ಲ ಎಂದು ಯಾರು ಕೇಳಲಿ ಬಿಡಲಿ ಹೇಳಿಕೊಳ್ಳುತ್ತಿದ್ದಳು. ಹೇಳುವಾಗ ಮಾತ್ರ ಮೂವತ್ತೇಳರ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಶುಕ್ರವಾರ ಅವಳ ನಿವೃತ್ತಿ. ಕೋಣೆಯೂ ಅವಳ ಜೊತೆಗೇ ನಿವೃತ್ತಿ. ಇನ್ನು ಮುಂದೆ ಬಾಗಿಲಿಗೆಲ್ಲ ಕಾರ್ಡು. ಆ ಕಾರ್ಡಿನ ಬೀಗ ತಯಾರಿಸುವ ಕಂಪನಿ ಇದ್ದದ್ದು ರಸ್ತೆಯಾಚೆಯ ವಿಜ್ಞಾನ ಪಾರ್ಕಿನ ಐದನೇ ಕಟ್ಟಡದಲ್ಲಿ. ಅಲ್ಲಿ ಹೊಸದಾಗಿ ಸೇರಿದ್ದ ಎಂಜಿನಿಯರ್ ಹುಡುಗಿ ಬುಧವಾರ ಸಂಜೆ ಕಿಟಕಿಗೆ ಆತು ನಿಂತು ತನ್ನ ಪಟ್ಟಿಗೂ ಹಲಗೆಗೂ ತಾಳೆ ನೋಡಿದಳು. ನೂರ ಎಪ್ಪತ್ತೊಂಬತ್ತು ತಾಳೆಯಾದವು.

"ಅಕ್ಕಾ, ಇದೊಂದು ಪಂಪ್ ಮನೆ ಅಂತಿದೆ. ನಮ್ಮ ಪಟ್ಟೀಲಿ 'ಖಾಲಿ, ಯಾರಿಗೂ ಕೊಟ್ಟಿಲ್ಲ' ಅಂತಿದೆ. ಖಾಲಿ ಮನೆ ಕೀ ಯಾರ ಹತ್ರ ಹೋಯ್ತು?"

ಬೀಗದಕ್ಕ ಮೂವತ್ತೇಳಕ್ಕೆ ಅಡ್ಡ ಬಂದು ನಿಂತಳು. ಪುಸ್ತಕ ಹಳೇದು, ಹುಡುಕಬೇಕು, ಶುಕ್ರವಾರದೊಳಗೆ ಹೇಳುತ್ತೇನೆ ಎಂದು ಏನೋ ಒಂದು ಹೇಳಿ ಸಾಗಹಾಕಿದಳು. ಹುಡುಗಿ ಒಳ್ಳೆಯವಳು. ನಿಮ್ಮ ಲೆಕ್ಕ ತಪ್ಪಲ್ಲ ಬಿಡಿ ಅಕ್ಕಾ, ಪಾರ್ಕಲ್ಲೆಲ್ಲ ಅದನ್ನೇ ಹೇಳ್ತಾರೆ ಎಂದು ನಕ್ಕು ಹೋದಳು. ಬೈದು ಹೋಗಿದ್ದರೇ ಎಷ್ಟೋ ವಾಸಿಯಿತ್ತು.

ಆಗಿದ್ದು ಇಷ್ಟು. ಕೆಲಸಕ್ಕೆ ಸೇರಿ ಮೂರು ದಿನ. ಹಲಗೆಗೆ ಬಣ್ಣ ಬಳಿಯುವವನು ಬರುತ್ತಾನೆಂದು ಎಲ್ಲ ಕೀಲಿಕೈ ತೆಗೆದು ನೆಲದ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದಳು. ಕೀಲಿಕೈಗಳ ಮೇಲೆ ನಂಬರು ಇರಲಿಲ್ಲ, ಇದ್ದದ್ದು ಕೊಂಡಿಗಳ ಕೆಳಗೆ ಮಾತ್ರ. ತೆಗೆಯುವಾಗ ಅಡ್ಡಸಾಲು ಹಿಡಿದು ತೆಗೆದವಳು, ಮಾರನೇ ಬೆಳಿಗ್ಗೆ ತಿರುಗಿ ಹಾಕುವಾಗ ಅದೇನು ಗ್ರಹಚಾರವೋ, ಮೇಲಿನಿಂದ ಕೆಳಕ್ಕೆ ಉದ್ದಸಾಲು ಹಿಡಿದು ಹಾಕಿಬಿಟ್ಟಳು. ಹಲಗೆಗೆ ಹಲಗೆಯೇ ಅದಲುಬದಲು. ಅವತ್ತು ಗ್ರಂಥಾಲಯದವನಿಗೆ ವ್ಯಾಯಾಮಶಾಲೆ ಕೀಲಿಕೈ ಹೋಯಿತು. ಸಂಗೀತದ ಮೇಡಂ ತಮ್ಮ ತರಗತಿ ಎಂದುಕೊಂಡು ಇಲಿ ಸಾಕುವ ಕೋಣೆ ಬಾಗಿಲು ತೆಗೆದರು. ಸಂಜೆಯೊಳಗೆ ಒಬ್ಬೊಬ್ಬರೇ ಬಂದು, ಕಿಟಕಿಯ ಮುಂದೆ ನಿಂತು, ಬಾಯಿಗೆ ಬಂದ ಹಾಗೆ ಬೈದು, ಕೀಲಿಕೈ ಬದಲಾಯಿಸಿಕೊಂಡು ಹೋದರು. ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ಮುಖ ಕೆಂಪಾಗಿ, ಒಂದೊಂದನ್ನೇ ಸರಿಪಡಿಸಿದಳು. ಬೈಯುವುದಕ್ಕೂ ಬರದೆ ಉಳಿದವರು ಒಬ್ಬರೇ.

ಅವರು ಭೌತಶಾಸ್ತ್ರದ ಒಬ್ಬ ಸಣಕಲು ಮೇಷ್ಟ್ರು. ಪುಸ್ತಕದಲ್ಲಿ ಅವರೇ ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು: 'ಮೆಟ್ಟಿಲ ಕೆಳಗಿನ ಉಗ್ರಾಣ. ಒಂದು ವಾರದ ಮಟ್ಟಿಗೆ.' ಉಗ್ರಾಣದ ಕೀಲಿಕೈ ಸಂಜೆ ಹಲಗೆಯ ಮೇಲೇ ಸಿಕ್ಕಿತು, ಸಿಗದೆ ಹೋದದ್ದು ಪಂಪ್ ಮನೆಯದ್ದು. ಅಂದರೆ ಮೇಷ್ಟ್ರು ಒಯ್ದದ್ದು ಅದನ್ನೇ. ಅವರ ಬಿಲ್ಲೆಯನ್ನು ಮೂವತ್ತೇಳಕ್ಕೆ ವರ್ಗಾಯಿಸಿ, ಮಾರನೇ ದಿನ ಹುಡುಕಿಕೊಂಡು ಹೋದಳು. ಊರಿಗೆ ನಲ್ಲಿ ಬಂದ ಮೇಲೆ ಯಾರೂ ತಿರುಗಿ ನೋಡದ ಆ ಹಳೇ ಮನೆಯಲ್ಲಿ ದೀಪ ಉರಿಯುತ್ತಿತ್ತು. ಕಿಟಕಿಯಿಂದ ಇಣುಕಿದರೆ, ಮೊದಲು ನೀರೆತ್ತುವ ಪಂಪು ಕೂರಿಸಿದ್ದ ಜಾಗದಲ್ಲೇ ಮೇಷ್ಟ್ರು ತಮ್ಮ ಯಂತ್ರ ಕೂರಿಸಿ, ಬೋಲ್ಟು ಬಿಗಿಯುತ್ತಾ ಮಂಡಿಯೂರಿದ್ದರು. ಗಾಜಿಗೆ ಕೂದಲಿಗಿಂತ ತೆಳ್ಳಗೆ ಲೋಹ ಲೇಪಿಸುವ ಯಂತ್ರವಂತೆ ಅದು.

ಆಗಲೇ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ಉಳಿದವರು ಬೈದು ಮರೆತಿದ್ದರು, ಇದನ್ನು ಕೆದಕಿದರೆ ವಿಷಯ ಮೇಲಿನವರ ಕಿವಿಗೆ ಬೀಳುತ್ತಿತ್ತು. ಮೂರು ದಿನದ ಹಂಗಾಮಿ ನೌಕರಳು ಇಡೀ ಹಲಗೆ ಕಲಸಿಟ್ಟಿದ್ದಾಳೆ ಎಂದರೆ ನಾಲ್ಕನೇ ದಿನ ಮನೆಗೆ. ಒಂದು ವಾರ ತಾನೇ, ತಾವಾಗಿ ತಂದುಕೊಡುತ್ತಾರೆ ಎಂದು ಹಿಂದಿರುಗಿದಳು. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ವರ್ಷವಾದ ಮೇಲೆ ಕೇಳುವುದಕ್ಕೆ ಮುಖವೆಲ್ಲಿದೆ?

ಗುರುವಾರ ಬೆಳಿಗ್ಗೆ ತಿಂಡಿಯ ಮುಂದೆ ಕೈ ಕಟ್ಟಿ ಕೂತಿದ್ದವಳನ್ನು ಅವಳ ಗಂಡ ಹೊಲಿಗೆ ಯಂತ್ರದ ಮುಂದಿನಿಂದಲೇ ನೋಡಿದ. ದರ್ಜಿ, ದಾರ ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಈ ಗುಟ್ಟು ಜಗತ್ತಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಪಾರ್ಕಿನ ಇಪ್ಪತ್ತೈದನೇ ವರ್ಷಕ್ಕೆ ತಂದ ಪುಸ್ತಿಕೆಯಲ್ಲಿ 'ವಿಶ್ವವಿದ್ಯಾಲಯದ ದೂರದೃಷ್ಟಿಯ ಫಲವಾಗಿ ಪಂಪ್ ಮನೆಯಲ್ಲಿ ಆರಂಭವಾದ' ಎಂದು ಅಚ್ಚಾಗಿದ್ದನ್ನು ಗಟ್ಟಿಯಾಗಿ ಓದಿ, ಸೂಜಿಗೆ ದಾರ ಪೋಣಿಸಲಾಗದ ನಿನ್ನ ಕಣ್ಣಿಗೆ ಇಷ್ಟು ದೂರ ಕಾಣ್ತಿತ್ತಾ ಎಂದು ಒಂದು ವಾರ ಗೋಳು ಹೊಯ್ದುಕೊಂಡಿದ್ದ. ಇವತ್ತು ಮಾತ್ರ ತಮಾಷೆ ಮಾಡಲಿಲ್ಲ.

"ಹೋಗಿ ಕೇಳೇ," ಎಂದ. "ತಪ್ಪಾಯ್ತು ಅಂತ ಹೇಳು, ಕೀ ಇಸ್ಕೋ, ಬಾ. ಈ ಚಿಂತೇನ ಮನೆಗೆ ತರಬೇಡ. ಇಟ್ಕೊಳ್ಳೋಕೆ ನಮ್ಮನೇಲಿ ಜಾಗ ಇಲ್ಲ."

ಅವಳು ಹಳೇ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದಳು. ಈ ದಾರಿಯಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ಮೇಷ್ಟ್ರು ಎದುರಾದಾರೆಂದು ಸುತ್ತುದಾರಿ ಹಿಡಿದು ಬಸ್ಸಿಗೆ ಹೋಗುವುದೇ ರೂಢಿಯಾಗಿತ್ತು. ಮೊದಲ ಎರಡು ಕಟ್ಟಡ ಇಟ್ಟಿಗೆಯವು, ತಗಡಿನ ಚಾವಣಿ. ಯಂತ್ರ ಬಂದ ಮೂರನೇ ವರ್ಷ ಕಣ್ಣಾಸ್ಪತ್ರೆಯ ದೀಪಗಳಿಗೆ ಕನ್ನಡಿ ಮಾಡಿಕೊಡುವಾಗ ಜಾಗ ಸಾಲದೆ ಕಟ್ಟಿದ್ದು. ಆಮೇಲೆ ಮೇಷ್ಟ್ರ ಕೈಕೆಳಗೆ ಪಳಗಿದ ಇಬ್ಬರು ಶಿಷ್ಯರು ಬೇರೆ ಒಲೆ ಹೂಡಿ ಮೂರನೆಯದು ಕಟ್ಟಿಸಿದರು. ಅವರ ಶಿಷ್ಯರು ನಾಲ್ಕು, ಐದು. ಆಗ ವಿಶ್ವವಿದ್ಯಾಲಯಕ್ಕೆ ಎಚ್ಚರವಾಗಿ ಬೇಲಿ ಹಾಕಿ, ರಸ್ತೆ ಮಾಡಿ, 'ವಿಜ್ಞಾನ ಉದ್ಯಾನ' ಎಂದು ಬೋರ್ಡು ನಿಲ್ಲಿಸಿತು. ಉದ್ಯಾನವೆಂದು ಓದಿ ಭಾನುವಾರ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ಜೋಕಾಲಿ ಎಲ್ಲಿ ಎಂದು ಕಾವಲುಗಾರನನ್ನು ಪೀಡಿಸಿದರು. ಆ ಕಾಟಕ್ಕೇ ಬೋರ್ಡು ಬದಲಾಗಿ ಪಾರ್ಕ್ ಆಯಿತು, ಜನ ಅದಕ್ಕೂ ಬಂದರು. ಕೊನೆಗೆ ಎರಡು ಜೋಕಾಲಿ ಹಾಕಿಯೇ ಬಿಟ್ಟರು. ಈಗ ಆರನೆಯದರಿಂದ ಹನ್ನೊಂದನೆಯದರವರೆಗೆ ಗಾಜಿನ ಕಟ್ಟಡಗಳು, ಅರವತ್ತು ಕಂಪನಿ, ಮಧ್ಯಾಹ್ನ ಊಟದ ಹೊತ್ತಿಗೆ ದಾರಿಯೇ ಸಿಗದಷ್ಟು ಜನ. ಕಿವಿ ಕೇಳದವರ ಕಿವಿಗೆ ಇಡುವ ಯಂತ್ರ ಮಾಡುವವರು ಒಂದು ಕಡೆ, ನೆಲದ ತೇವ ಅಳೆಯುವವರು ಒಂದು ಕಡೆ. ಇವಳನ್ನು ಕಂಡವರೆಲ್ಲ ಏನಕ್ಕಾ ಈ ಕಡೆ ಎಂದು ನಕ್ಕರು. ಎಷ್ಟೋ ಮಂದಿಗೆ ವಿದ್ಯಾರ್ಥಿಗಳಾಗಿದ್ದಾಗ ಪ್ರಯೋಗಶಾಲೆಯ ಕೀಲಿಕೈ ಕೊಟ್ಟವಳು ಅವಳೇ. ಇಷ್ಟೆಲ್ಲಕ್ಕೂ ತಾನು ಮಾಡಿದ್ದು ಅಡ್ಡಸಾಲಿನ ಬದಲು ಉದ್ದಸಾಲು ಹಿಡಿದದ್ದು ಎಂದು ನೆನೆದು ಅವಳಿಗೆ ನಗು ಬಂತು.

ಗಾಜಿನ ಕಟ್ಟಡಗಳ ನಡುವೆ ಪಂಪ್ ಮನೆ ಮಾತ್ರ ಹಾಗೇ ಇತ್ತು. ದಪ್ಪ ಗೋಡೆ, ಕುಳ್ಳ ಬಾಗಿಲು, ಅದೇ ಹಳೇ ಬೀಗ. ಪಾರ್ಕಿನ ನಿರ್ದೇಶಕರಾಗಿದ್ದಾಗಲೂ, ನಿವೃತ್ತರಾಗಿ ಸಲಹೆಗಾರರಾದ ಮೇಲೂ ಮೇಷ್ಟ್ರು ಅಲ್ಲಿಂದ ಕದಲಿರಲಿಲ್ಲ. ಊರೆಲ್ಲ ಅವರನ್ನು ಪಂಪ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರು ಭೂತಗನ್ನಡಿ ಹಿಡಿದು ಒಂದು ಗಾಜಿನ ಬಿಲ್ಲೆಯನ್ನು ನೋಡುತ್ತಿದ್ದವರು ತಲೆ ಎತ್ತಿದರು. ಇವಳನ್ನು ಕಂಡರು, ಕಂಕುಳಿನ ಪುಸ್ತಕವನ್ನು ಕಂಡರು. ಎಪ್ಪತ್ತು ದಾಟಿದ ಮನುಷ್ಯ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಎದ್ದು ನಿಂತರು.

"ಬಂದ್ರಾ ಅಕ್ಕಾ," ಎಂದರು ಮೆಲ್ಲಗೆ. "ಒಂದಿನ ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು."

ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ಸಾರ್, ಅವತ್ತು ನಾನು ತಪ್ಪು ಕೀ ಕೊಟ್ಟೆ."

"ಗೊತ್ತು," ಎಂದರು ಮೇಷ್ಟ್ರು. "ಉಗ್ರಾಣದ ಬೀಗಕ್ಕೆ ಹೊಂದದೇ ಇದ್ದಾಗ್ಲೇ ಗೊತ್ತಾಯ್ತು."

ಉಳಿದದ್ದನ್ನು ಅವರು ನಿಂತುಕೊಂಡೇ, ಅವಳ ಮುಖ ನೋಡದೆ ಹೇಳಿದರು. ಆ ಯಂತ್ರಕ್ಕೆ ದೊಡ್ಡ ಕರೆಂಟು ಬೇಕಿತ್ತು, ತಣಿಸಲು ನೀರು ಬೇಕಿತ್ತು, ಅಲುಗದ ನೆಲ ಬೇಕಿತ್ತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಚಪ್ಪಲಿ ಸವೆಸಿದ್ದಕ್ಕೆ ಕಚೇರಿಯವರು ಕೊಟ್ಟದ್ದು ಮೆಟ್ಟಿಲ ಕೆಳಗಿನ ಉಗ್ರಾಣ, ಅದೂ ಯಂತ್ರವನ್ನು ಒಂದು ವಾರ ಇಟ್ಟುಕೊಂಡು ಆಮೇಲೆ ಗುಜರಿಗೆ ಸಾಗಿಸಲು. ಉಗ್ರಾಣದ ಬಾಗಿಲಿಗೆ ಕೀಲಿಕೈ ಹೊಂದಲಿಲ್ಲ. ಹಾಗಾದರೆ ಯಾವುದಕ್ಕೆ ಹೊಂದುತ್ತದೆ ಎಂದು ಸಂಜೆಯವರೆಗೆ ಆವರಣದ ಬಾಗಿಲುಗಳನ್ನೆಲ್ಲ ಪ್ರಯತ್ನಿಸುತ್ತಾ ಬಂದವರಿಗೆ ಇದು ತೆರೆಯಿತು. ಒಳಗೆ ಕರೆಂಟು, ನೀರು, ಪಂಪು ಕೂರಿಸಿದ್ದ ಗಟ್ಟಿ ನೆಲ. ಮೇಷ್ಟ್ರು ಬಾಗಿಲು ಹಾಕಿಕೊಂಡು ಒಬ್ಬರೇ ನಕ್ಕರಂತೆ. ಯಾರಾದರೂ ಕೇಳಿದರೆ ಕೀಲಿಕೈ ಕಚೇರಿಯಿಂದಲೇ ಕೊಟ್ಟದ್ದು ಎನ್ನುತ್ತಿದ್ದರು. ಅದೇನೂ ಸುಳ್ಳಲ್ಲ. ಒಬ್ಬೊಬ್ಬ ಅಧಿಕಾರಿಯೂ ತನಗಿಂತ ಮೇಲಿನವರು ಮಂಜೂರು ಮಾಡಿರಬೇಕೆಂದುಕೊಂಡು ಸುಮ್ಮನಾದ. ಆದೇಶದ ಪತ್ರ ಎನ್ನುವುದು ಹುಟ್ಟಲೇ ಇಲ್ಲ.

"ನನಗಿದ್ದ ಹೆದರಿಕೆ ನಿಮ್ಮದೊಂದೇ," ಎಂದರು. "ನೀವು ಬಂದು ಕೀ ಕೊಡಿ ಅಂದ್ರೆ ಕೊಡಬೇಕಿತ್ತಲ್ಲ. ನಿಮ್ಮ ಕಿಟಕಿ ಮುಂದೆ ನಾನು ಇಲ್ಲೀವರೆಗೂ ಹಾದು ಹೋಗಿಲ್ಲ. ಹಿಂದಿನ ಗೇಟಿಂದ ಸುತ್ತಿ ಹೋಗ್ತೀನಿ."

"ನಾನೂ ಸುತ್ತೇ ಹೋಗೋದು ಸಾರ್. ನೀವು ಬಂದು ತಪ್ಪು ಕೀ ಕೊಟ್ರಿ ಅಂತೀರೇನೋ ಅಂತ."

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಮೇಷ್ಟ್ರು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಅವಳನ್ನು ಕೂರಿಸಿ, ತಮ್ಮ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಚಹಾ ಸುರಿದು ಕೊಟ್ಟರು. ಅವಳು ಕುಡಿಯುತ್ತಾ ಒಳಗನ್ನೆಲ್ಲ ನೋಡಿದಳು. ಕಿಟಕಿಯಿಂದ ಇಣುಕಿ ಕಂಡಿದ್ದ ಯಂತ್ರ ಅಲ್ಲೇ ಇತ್ತು, ಅವತ್ತು ಬಿಗಿದ ಬೋಲ್ಟುಗಳ ಸುತ್ತ ತುಕ್ಕು ಹಿಡಿದಿತ್ತು. ಮೂವತ್ತೊಂದು ವರ್ಷದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದ ಹಾಗಾಗಿ, ಚಹಾ ತಣ್ಣಗಿದ್ದರೂ ಬಹಳ ರುಚಿಯಾಗಿತ್ತು ಎಂದು ಆಮೇಲೆ ಗಂಡನ ಹತ್ತಿರ ಹೇಳಿದಳು.

ಮುಚ್ಚಳ ಕೆಳಗಿಟ್ಟು, ನಾಳೆ ಹಲಗೆ ಒಪ್ಪಿಸಬೇಕು, ಕೀಲಿಕೈ ಬೇಕು ಎಂದಳು. ಮೇಷ್ಟ್ರು ದೀಪ ಆರಿಸಿ, ಹೊರಗೆ ಬಂದು ಬೀಗ ಹಾಕಿ, ಎಳೆದು ನೋಡಿ, ಉಂಗುರದಿಂದ ಕೀಲಿಕೈ ಬಿಡಿಸಿದರು. ತುಂಬ ಹೊತ್ತು ಬೇಕಾಯಿತು, ಉಂಗುರಕ್ಕೆ ಅದು ಕಚ್ಚಿಕೊಂಡುಬಿಟ್ಟಿತ್ತು. ಇಬ್ಬರೂ ಜೊತೆಯಲ್ಲೇ, ಸುತ್ತದೆ, ನೇರ ದಾರಿಯಲ್ಲಿ ನಡೆದು ಅವಳ ಕಿಟಕಿಗೆ ಬಂದರು. ಅವಳು ಒಳಗೆ ಹೋಗಿ ಕಿಟಕಿ ತೆರೆದು, ಕೀಲಿಕೈ ಇಸಿದುಕೊಂಡು, ಪುಸ್ತಕದ ಆ ಸಾಲಿನ ಕೊನೆಯಲ್ಲಿ ಖಾಲಿ ಬಿದ್ದಿದ್ದ ಜಾಗದಲ್ಲಿ ತಾರೀಖು ಬರೆದಳು. ಉಗ್ರಾಣ ಎಂಬುದನ್ನು ಹೊಡೆದು ಪಂಪ್ ಮನೆ ಎಂದು ತಿದ್ದಿ ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಬಿಲ್ಲೆಯನ್ನು ಸೆರಗಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿ ಅವರ ಕೈಗಿಟ್ಟಳು. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಬರಿಗೈಯಲ್ಲಿ, ಸ್ವಲ್ಪ ಬಾಗಿ ಹೊರಟುಹೋದರು.

ನೂರ ಎಂಬತ್ತಕ್ಕೆ ನೂರ ಎಂಬತ್ತು. ಆ ರಾತ್ರಿ ಬೀಗದಕ್ಕ ತಲೆ ದಿಂಬಿಗೆ ತಾಗಿದ್ದೇ ನಿದ್ದೆ ಹೋದಳು.

ಶುಕ್ರವಾರ ಒಂಬತ್ತಕ್ಕೆ ಕಾರ್ಡಿನ ಹುಡುಗಿ ರಟ್ಟಿನ ಡಬ್ಬಿ ತಂದು ಕೀಲಿಕೈಗಳನ್ನು ಒಂದೊಂದೇ ಇಳಿಸತೊಡಗಿದಳು. ಅಡ್ಡಸಾಲು ಹಿಡಿದು ಹೋಗಮ್ಮ, ಬದಲಾಯಿಸಬೇಡ ಎಂದು ಬೀಗದಕ್ಕ ಎರಡು ಸಲ ಹೇಳಿದಳು. ಎರಡು ಸಾಲು ಮುಗಿದು ಮೂರನೆಯದಕ್ಕೆ ಕೈ ಹಾಕುವಾಗ ಕಿಟಕಿಯಲ್ಲಿ ನೆರಳು ಬಿತ್ತು. ಪಂಪ್ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಅಂಗೈಯಲ್ಲಿ ಬಿಲ್ಲೆ ಹಿಡಿದು ನಿಂತಿದ್ದರು.

"ಪಂಪ್ ಮನೆ ಕೀ ಬೇಕಿತ್ತು," ಎಂದರು.

ಹುಡುಗಿ ಡಬ್ಬಿ ಹಿಡಿದುಕೊಂಡು ಇಬ್ಬರನ್ನೂ ನೋಡಿದಳು. ಬೀಗದಕ್ಕ ಕನ್ನಡಕ ಏರಿಸಿ, ಪುಸ್ತಕ ಬಿಡಿಸಿ, ಹೊಸ ಸಾಲಿಗೆ ಪೆನ್ನು ತಾಗಿಸಿದಳು.

"ಎಷ್ಟು ದಿನಕ್ಕೆ ಸಾರ್?"

"ಒಂದು ವಾರದ ಮಟ್ಟಿಗೆ."

ಅವಳು ಬರೆದಳು. ಮೂವತ್ತೇಳರಿಂದ ಕೀಲಿಕೈ ತೆಗೆದು, ಕೊಂಡಿಯ ಕೆಳಗಿನ ನಂಬರು ನೋಡಿ, ಮತ್ತೊಮ್ಮೆ ನೋಡಿ, ಅವರ ಕೈಗೆ ಕೊಟ್ಟಳು. ಲೆಕ್ಕದಲ್ಲಿ ಒಂದು ಕಡಿಮೆ ಬರುತ್ತಲ್ಲ ಅಕ್ಕಾ ಎಂದು ಹುಡುಗಿ ಕೇಳಿದ್ದಕ್ಕೆ, ಬರುತ್ತೆ, ವಾಪಸು ಬರುತ್ತೆ ಎಂದಳು. ಬಿಲ್ಲೆಯನ್ನು ಕೊಂಡಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹಲಗೆಯೆಲ್ಲ ಬೋಳಾಯಿತು, ಮೂರನೇ ಸಾಲಿನಲ್ಲಿ ಆ ಹಿತ್ತಾಳೆ ಬಿಲ್ಲೆಯೊಂದು ಬಿಸಿಲಿಗೆ ಹೊಳೆಯುತ್ತಾ ನೇತಾಡುತ್ತಿತ್ತು.