ಒನಕೆಯ ದೀಪ

ಖಾಲಿ ಗೋಡೆ ಕಂಡರೆ ಪುಷ್ಪಲತಾಳ ಕೈ ಸುಮ್ಮನಿರುತ್ತಿರಲಿಲ್ಲ. ತಂಬ್ರಹಳ್ಳಿಯಿಂದ ಹರಪನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ಎಲ್ಲ ಗೋಡೆಗೂ ಒಂದೇ ತಿಳಿಹಸಿರು ಡಿಸ್ಟೆಂಪರ್, ಪಡಸಾಲೆಗೆ ಒಂದೇ ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ಎಂಥ ಚೆಲುವೆಯೂ ಕಾಮಾಲೆ ಬಂದವಳಂತೆ ಕಾಣಬೇಕು. ಈಗ ಬಂದು ನೋಡಿ. ಒಂದು ಗೋಡೆಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಅತ್ತೆಯ ಹಳೆಯ ಕೌದಿಯನ್ನು ಬಿದಿರುಕೋಲಿಗೆ ಸಿಕ್ಕಿಸಿ ಇಳಿಬಿಟ್ಟಿದ್ದಾಳೆ. ಅಟ್ಟ ಸೇರಿದ್ದ ಹಿತ್ತಾಳೆ ಜರಡಿಯೊಳಗೆ ಬಲ್ಬು ಕೂರಿಸಿ ಅಡುಗೆಮನೆಯ ಬಾಗಿಲ ಮುಂದೆ ತೂಗುಹಾಕಿದ್ದಾಳೆ. ಸಂಜೆ ಸ್ವಿಚ್ ಹಾಕಿದರೆ ಗೋಡೆಯ ತುಂಬ ಜೋಳ ಚೆಲ್ಲಿದ ಹಾಗೆ ಬೆಳಕಿನ ಕಾಳು. ಗಂಡ ಹುಲುಗೇಶ ಮೆಕ್ಕೆಜೋಳದ ಲಾರಿ ಓಡಿಸುವವನು, ಮನೆಯಲ್ಲಿದ್ದುದಕ್ಕಿಂತ ರಸ್ತೆಯ ಮೇಲಿದ್ದುದೇ ಹೆಚ್ಚು. ಬಂದಾಗಲೆಲ್ಲ ಹೊಸದೊಂದು ದೀಪಕ್ಕೆ ತಲೆ ತಾಗಿಸಿಕೊಂಡು, ಹಣೆ ತಿಕ್ಕಿಕೊಳ್ಳುತ್ತ ಊಟಕ್ಕೆ ಕೂರುವ ಪುಣ್ಯಾತ್ಮ.

ಅತ್ತೆ ಜಂಬಕ್ಕ ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ.

"ಹೊದ್ಕಳಾಕ ಅಂತ ಹೊಲಿದಿದ್ದೆ ನಾನು. ಗ್ವಾಡಿಗೇನ್ ಚಳಿ ಬಂದಿತ್ತೇನವ್ವ?"

ಅನ್ನುವುದು ಹೀಗೆ. ಆದರೆ ಯಾರಾದರೂ ಮನೆಗೆ ಬಂದರೆ ಕೈಹಿಡಿದು ಕರೆದುಕೊಂಡು ಹೋಗಿ ಅದೇ ಗೋಡೆಯ ಮುಂದೆ ನಿಲ್ಲಿಸುವವಳು ಅವಳೇ. "ನನ್ನ ಸೊಸಿ ಕೈಯಾಗ ಸಿಕ್ಕರ ಮುರುಕ ಮೊರನೂ ಮದುಮಗಳು ಆಕೈತಿ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಪುಷ್ಪಲತಾಳಿಗೆ ತಾಯಿ ಇರಲಿಲ್ಲ. ಇದ್ದಿದ್ದರೂ ಇಷ್ಟು ಹೊಗಳುತ್ತಿದ್ದಳೋ ಇಲ್ಲವೋ.

ಆ ಜಂಬಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ಪುಷ್ಪಲತಾಳನ್ನು ವರಾಂಡಕ್ಕೆ ಕರೆದು ಹೇಳಿದರು: ಎಲುಬು ಕೂಡಿಕೊಳ್ಳುತ್ತದೆ, ಹೃದಯ ಗಟ್ಟಿ ಇದೆ, ಇನ್ನೂ ಹತ್ತಾರು ವರ್ಷ ಓಡಾಡುವ ಜೀವ ಇದು. ಆದರೆ ಮಲಗಲು ಬಿಡಬೇಡಿ. ದಿನಾ ಎಬ್ಬಿಸಿ ನಿಲ್ಲಿಸಿ. ಮಲಗಿಬಿಟ್ಟರೆ ಎದೆಯಲ್ಲಿ ಕಫ ಕಟ್ಟುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಉಳಿಯುತ್ತಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಪುಷ್ಪಲತಾಳಿಗೆ ಅಳು ಒತ್ತರಿಸಿ ಬಂತು. ಕಂಬದ ಮರೆಗೆ ನಿಂತು ಅತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಬಂದಳು.

ಏಳಿಸುವುದೇನು ಸಣ್ಣ ಕೆಲಸವೇ? ವಾಕರ್ ಕಂಡರೆ ಜಂಬಕ್ಕ ಮುಖ ತಿರುಗಿಸುತ್ತಿದ್ದಳು. ನೋವು ಅಷ್ಟಿತ್ತು. ಗದರಿದರೂ ಆಗಲಿಲ್ಲ, ಬೇಡಿಕೊಂಡರೂ ಆಗಲಿಲ್ಲ. ಆಗ ಪುಷ್ಪಲತಾ ತನಗೆ ಬರುವ ವಿದ್ಯೆಗೇ ಕೈ ಹಾಕಿದಳು. ಈ ಕೋಣೆಯಲ್ಲಿ ಎದ್ದು ನೋಡಬೇಕೆನ್ನಿಸುವಂಥದ್ದು ಏನಿದೆ ಎಂದು ತನ್ನನ್ನೇ ಕೇಳಿಕೊಂಡಳು. ಮಂಚದೆದುರಿನ ಗೋಡೆಗೆ ತಾನೇ ನಿಂತು ಅರಿಸಿನದ ಬಣ್ಣ ಬಳಿದಳು. ತೀರಿಹೋಗಿದ್ದ ಮಾವ ಕರಿಸಿದ್ದಪ್ಪ ಕುರಿ ಕಾಯುತ್ತಿದ್ದ ಕಾಲದ ಕೊರಳಗಂಟೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಆ ಗೋಡೆಗೆ ಸಾಲಾಗಿ ತೂಗುಹಾಕಿದಳು. ಮಲಗಿದಲ್ಲಿಂದ ಕಾಣಬೇಕು, ಮುಟ್ಟಬೇಕೆಂದರೆ ಏಳಬೇಕು, ಅಷ್ಟು ದೂರಕ್ಕೆ.

"ಇವು ನಿಮ್ಮ ಮಾವನ ಗಂಟಿ ಅಲ್ಲೇನ?" ಎಂದಳು ಜಂಬಕ್ಕ.

"ಹೂನ್ರಿ ಅತ್ತಿ. ಯಾವುದು ಯಾವ ಕುರಿದು ಅಂತ ನನಗ ಗೊತ್ತಾಗಾಂಗಿಲ್ಲ. ಬಾರಿಸಿ ಹೇಳ್ರಿ."

ಮರುದಿನ ಜಂಬಕ್ಕ ಹಲ್ಲು ಕಚ್ಚಿಕೊಂಡು ವಾಕರ್ ಹಿಡಿದು ಎದ್ದಳು. ಗೋಡೆಯವರೆಗೆ ಹೋಗಿ ಒಂದು ಗಂಟೆ ಅಲ್ಲಾಡಿಸಿದಳು. "ಇದು ಹೋತಂದು. ಭಾಳ ಪುಂಡ ಇತ್ತದು" ಎಂದು ನಕ್ಕಳು. ಪುಷ್ಪಲತಾ ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ಅರ್ಧ ಸಕ್ಕರೆ ಡಬ್ಬಿ ಖಾಲಿ ಮಾಡಿ ಸಜ್ಜಿಗೆ ಮಾಡಿದಳು.

ಕೋಣೆಗೆ ಇನ್ನೊಂದೇ ಕೊರತೆ ಎನ್ನಿಸಿತು: ದೀಪ. ಹಿತ್ತಲಲ್ಲಿ ಜಂಬಕ್ಕನ ಒನಕೆ ಇತ್ತು. ಮದುವೆಯಾಗಿ ಬಂದಾಗಿನಿಂದ ನುಚ್ಚು ಕುಟ್ಟಿ, ಖಾರ ಕುಟ್ಟಿ, ಅವಳ ಅಂಗೈ ಹಿಡಿದ ಜಾಗದಲ್ಲಿ ನುಣ್ಣಗಾಗಿ ಹೊಳೆಯುತ್ತಿತ್ತು. ಪುಷ್ಪಲತಾ ಅದನ್ನು ಎತ್ತಿಕೊಂಡು ಎದುರು ಮನೆಯ ದಾವಲ್ ಸಾಬನ ವೆಲ್ಡಿಂಗ್ ಶೆಡ್ಡಿಗೆ ಹೋದಳು. ಒನಕೆ ನಿಲ್ಲಲು ಕೆಳಗೆ ಕಬ್ಬಿಣದ ತಟ್ಟೆ, ನೆತ್ತಿಗೆ ಹೋಲ್ಡರು, ಅದರ ಮೇಲೆ ಬೋರಲು ಹಾಕಿದ ಬಿದಿರುಬುಟ್ಟಿ.

"ಜೋಡಿ ಮಾಡ್ಲೇನ್ ತಂಗ್ಯಮ್ಮ? ಎರಡಿದ್ರ ಮಂಚದ ಎರಡೂ ಕಡಿ ನಿಂದ್ರಿಸಬೋದು" ಎಂದ ದಾವಲ್ ಸಾಬ್.

"ಬ್ಯಾಡಣ್ಣ. ಮೂಲಿಗೆ ಒಂದ ಇದ್ರ ಚೆಂದ. ಒನಕಿನೂ ಒಂದ ಐತಿ."

ಫೋನಿನಲ್ಲಿ ಅವಳು ನೋಡಿದ ಚೆಂದದ ಮನೆಗಳಲ್ಲೆಲ್ಲ ಹಾಗೆಯೇ ಇತ್ತು. ಮೂಲೆಗೊಂದು ಎತ್ತರದ ದೀಪ, ಉಳಿದದ್ದೆಲ್ಲ ಆರಿಸಿರಬೇಕು. ಕಣ್ಣಿಗೆ ಚುಚ್ಚಬಾರದೆಂದು ಅದನ್ನು ಅತ್ತೆಯ ಮಂಚದ ತಲೆಯ ಹಿಂದೆ ನಿಲ್ಲಿಸಿದಳು. ಬೆಳಕು ಹೆಗಲ ಮೇಲಿಂದ ಹಾಯ್ದು ಅರಿಸಿನದ ಗೋಡೆಗೂ ಗಂಟೆಗಳಿಗೂ ಬೀಳುವಂತೆ ಬುಟ್ಟಿಯನ್ನು ಹೊಂದಿಸಿದಳು. ದೀಪ ಹಚ್ಚುವ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿ, ಸ್ವಿಚ್ ಹಾಕಿದಳು.

"ನೋಡ್ರಿ ಅತ್ತಿ."

ಜಂಬಕ್ಕ ಕಷ್ಟಪಟ್ಟು ಕತ್ತು ಹೊರಳಿಸಿ ತನ್ನ ತಲೆದೆಸೆಗೆ ನಿಂತಿದ್ದ ಆ ಒಂಟಿ ದೀಪವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯ ಕೈ ಹಿಡಿದು ಸವರಿದಳು.

"ನನ್ನ ಒನಕಿಲೇ ಮಾಡಿದಿ ಅಲ್ಲೇನ? ಚೆಂದ ಐತವ್ವ. ಭಾಳ ಚೆಂದ ಐತಿ."

ಮರುದಿನ ಜಂಬಕ್ಕ ಏಳಲಿಲ್ಲ. "ಇವತ್ತು ಬ್ಯಾಡ" ಎಂದಳು. ಅದರ ಮರುದಿನ "ಸಾಕು ಬಿಡವ್ವ" ಎಂದಳು. ಅನ್ನ ಅರ್ಧಕ್ಕಿಳಿಯಿತು, ಆಮೇಲೆ ಗಂಜಿಗೆ ಇಳಿಯಿತು. ಸಿಟ್ಟಿಲ್ಲ, ಸಿಡಿಮಿಡಿ ಇಲ್ಲ. ಮೊದಲಿಗಿಂತ ಹೆಚ್ಚೇ ಅಕ್ಕರೆ. ಕಿವಿಯ ಬೆಂಡೋಲೆ ಬಿಚ್ಚಿಸಿ ಪುಷ್ಪಲತಾಳ ಕಿವಿಗೆ ಹಾಕಿಸಿದಳು. ಉಚ್ಚಂಗಿದುರ್ಗಕ್ಕೆ ಕೊಟ್ಟಿದ್ದ ಮಗಳು ಲಕ್ಷ್ಮಿದೇವಿಯನ್ನು ಕರೆಸಿಕೊಂಡು ಬಾಗಿಲು ಮುಂದೆ ಮಾಡಿ ಏನೇನೋ ಮಾತಾಡಿದಳು. ನೋವಿಗೆ ಹೀಗಾಡುತ್ತಾಳೆಂದು ಪುಷ್ಪಲತಾ ಮಾತ್ರೆ ಬದಲಾಯಿಸಿಕೊಂಡು ಬಂದಳು. ಸಂಜೆಯಾದರೆ ತಪ್ಪದೆ ಟ್ಯೂಬ್‌ಲೈಟ್ ಆರಿಸಿ ಒನಕೆಯ ದೀಪ ಹಚ್ಚಿದಳು. ಅದೊಂದನ್ನಾದರೂ ಅತ್ತೆ ಮೆಚ್ಚಿದ್ದಾಳಲ್ಲ ಎಂಬ ಸಮಾಧಾನ ಅವಳಿಗೆ.

ದಾವಲ್ ಸಾಬನ ಹೆಂಡತಿ ರೋಶನಬಿ ಜಂಬಕ್ಕನನ್ನು ಮಾತಾಡಿಸಿಕೊಂಡು ಅಡುಗೆಮನೆಗೆ ಬಂದಾಗ ಅವಳ ಕಣ್ಣು ಕೆಂಪಗಾಗಿದ್ದವು.

"ಡಾಕ್ಟ್ರು ಕೈ ಬಿಟ್ಟಾರ ಅಂತ ನಮಗ್ಯಾಕ ಹೇಳ್ಲಿಲ್ಲ ಪುಷ್ಪಕ್ಕ?"

"ಯಾರು ಕೈ ಬಿಟ್ಟಾರ?"

"ಅತ್ತಿ ಎಲ್ಲಾ ಹೇಳಿದ್ರು. 'ಮುಖ ನೋಡಿ ಹೇಳಾಕ ನನ್ನ ಸೊಸಿಗೆ ಬಾಯಿ ಬರ್ಲಿಲ್ಲ. ತಲಿ ಕಡಿ ಒಂಟಿ ದೀಪ ಇಟ್ಟು ತಿಳಿಸ್ಯಾಳ. ಸತ್ತಮ್ಯಾಲೆ ಎಲ್ಲಾರಿಗೂ ಇಡ್ತಾರ, ನನಗ ನೋಡ್ಲಿ ಅಂತ ಮೊದ್ಲ ಇಟ್ಟಾಳ. ಅದೂ ನನ್ನ ಒನಕಿಲೇ ಮಾಡ್ಸ್ಯಾಳ. ಎಂಥಾ ಮನಸು ನೋಡ ಆಕಿದು' ಅಂದ್ರು."

ಪುಷ್ಪಲತಾಳ ಕೈಯಲ್ಲಿದ್ದ ಗಂಜಿಯ ಬಟ್ಟಲು ಕಟ್ಟೆಯ ಮೇಲೆ ಕೂತಿತು. ಒಳ್ಳೆಯ ಕಾರ್ಯಕ್ಕೆ ಜೋಡಿ ದೀಪ, ಸತ್ತವರ ತಲೆದೆಸೆಗೆ ಒಂಟಿ ದೀಪ. ಇದು ಅವಳಿಗೆ ತಿಳಿಯದ್ದಲ್ಲ. ತನ್ನ ತಾಯಿಯ ತಲೆದೆಸೆಯಲ್ಲಿ ಅಂಥದ್ದೊಂದು ದೀಪ ಉರಿದದ್ದನ್ನು ಕಣ್ಣಾರೆ ಕಂಡವಳು. ಬಣ್ಣ ನೋಡಿದ್ದಳು, ಬೆಳಕು ಎಲ್ಲಿ ಬೀಳುತ್ತದೆಂದು ನೋಡಿದ್ದಳು. ದೀಪ ಎಲ್ಲಿ ನಿಂತಿದೆ ಎಂಬುದನ್ನೇ ನೋಡಿರಲಿಲ್ಲ. ಇಂಥ ಬುದ್ಧಿಗೆ ಬೆಂಕಿ ಬೀಳಲಿ ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಓಡಿಹೋಗಿ ಪ್ಲಗ್ ಕಿತ್ತಳು. ಒನಕೆಯನ್ನು ದರದರ ಎಳೆದೊಯ್ದು ಹಿತ್ತಲಿಗೆ ಹಾಕಿದಳು. ಟ್ಯೂಬ್‌ಲೈಟ್ ಹಚ್ಚಿ ಮಂಚದ ಪಕ್ಕ ಕುಸಿದು ಕೂತಳು.

"ಅತ್ತಿ, ನಾ ಅಂಥಾದ್ದಕ್ಕ ಇಟ್ಟಿದ್ದಿಲ್ರಿ. ಬೆಳಕು ಚೆಂದ ಬೀಳ್ಲಿ ಅಂತ ಇಟ್ಟಿದ್ದೆ. ನೀವು ಉಳಿತೀರಿ ಅಂತ ಡಾಕ್ಟ್ರು ಅವತ್ತ ಹೇಳ್ಯಾರ."

ಜಂಬಕ್ಕ ನಕ್ಕಳು. "ನಿನಗ ಸುಳ್ಳು ಹೇಳಾಕ ಬರಾಂಗಿಲ್ಲ ಬಿಡು. ವರಾಂಡದಾಗ ಅವರ ಕೂಡ ಮಾತಾಡಿ, ಕಣ್ಣು ಒರೆಸ್ಕೊಂತ ಒಳಗ ಬಂದಿ. ನಾ ಮಲಗಿದಲ್ಲಿಂದ ನೋಡೀನಿ."

"ಖುಷಿಗೆ ಅತ್ತಿದ್ದೆನ್ರಿ."

"ಆತವ್ವ. ಹಂಗ ಅಂತೀನಿ."

ಎಷ್ಟು ಆಣೆಯಿಟ್ಟರೂ ಅಷ್ಟೇ. ದೀಪ ಇಟ್ಟದ್ದು ಪ್ರೀತಿಗೆ, ತೆಗೆದದ್ದೂ ಪ್ರೀತಿಗೆ ಎಂದು ಜಂಬಕ್ಕ ತಿಳಿದುಬಿಟ್ಟಿದ್ದಳು. ಮರುದಿನ ಸೊಸೆಯ ಸಮಾಧಾನಕ್ಕೆಂದೇ ಎದ್ದು ನಿಂತಳು. ಕಾಲು ನಡುಗಿದವು. ಗಂಟೆಯತ್ತ ಕೈ ಚಾಚಿದಳು, ಅದು ಎಟುಕಲಿಲ್ಲ. ಎದೆಯಲ್ಲಿ ಆಗಲೇ ಗೊರಗೊರ ಶುರುವಾಗಿತ್ತು. ಲಾರಿ ಬಿಟ್ಟು ಬಂದ ಹುಲುಗೇಶನೂ ಸೇರಿ ದಾವಣಗೆರೆಗೆ ಮತ್ತೆ ಒಯ್ದರು. ಮಲಗಲು ಯಾಕೆ ಬಿಟ್ಟಿರಿ ಎಂದು ಅದೇ ಡಾಕ್ಟರು ಪುಷ್ಪಲತಾಳನ್ನು ಕೇಳಿದರು. ವಾರ ತುಂಬುವ ಮೊದಲೇ ಜಂಬಕ್ಕನನ್ನು ಹೊತ್ತ ಆಂಬುಲೆನ್ಸು ಮನೆ ಮುಂದೆ ಬಂದು ನಿಂತಿತು.

ಪಡಸಾಲೆಯಲ್ಲಿ, ಕೆಮ್ಮಣ್ಣಿನ ಬಣ್ಣದ ಗೋಡೆಯ ಕೆಳಗೆ ಮಲಗಿಸಿದರು. ಪುಷ್ಪಲತಾ ಕೌದಿಯನ್ನು ಗೋಡೆಯಿಂದ ಇಳಿಸಿ ಅತ್ತೆಗೆ ಹೊದಿಸಿದಳು. ತಲೆದೆಸೆಗೆ ದೀಪ ಇಡಿ ಎಂದು ಹಿರಿಯರೊಬ್ಬರು ಹೇಳಿದರು. ಯಾರೋ ಹಣತೆ ತರಲು ಹೊರಟರು. ಲಕ್ಷ್ಮಿದೇವಿ ಅವರನ್ನು ತಡೆದಳು.

"ಬ್ಯಾಡ. ಅವ್ವ ನನ್ನ ಕೈ ಮ್ಯಾಲೆ ಕೈ ಹಾಕಿಸ್ಕೊಂಡು ಹೇಳ್ಯಾಳ. ಪುಷ್ಪಾ ಇಟ್ಟಿದ್ದ ಒನಕಿ ದೀಪನ ಇಡಬೇಕಂತ. ಅದನ್ನ ಬಿಟ್ಟು ಬ್ಯಾರೆ ಬ್ಯಾಡಂತ."

ಎಲ್ಲರೂ ಪುಷ್ಪಲತಾಳತ್ತ ನೋಡಿದರು. ಅವಳು ಎದ್ದು ಹಿತ್ತಲಿಗೆ ಹೋದಳು. ಬುಟ್ಟಿಯ ಮೇಲಿನ ದೂಳು ಜಾಡಿಸಿ, ಒನಕೆಯನ್ನು ಎರಡೂ ಕೈಯಲ್ಲಿ ತಬ್ಬಿ ತಂದು ಅತ್ತೆಯ ತಲೆಯ ಹಿಂದೆ ನಿಲ್ಲಿಸಿದಳು. ಲಕ್ಷ್ಮಿದೇವಿ ಮನೆಯ ಉಳಿದ ದೀಪಗಳನ್ನೆಲ್ಲ ಆರಿಸುತ್ತ ಬಂದಳು. ಪುಷ್ಪಲತಾ ಸ್ವಿಚ್ ಹಾಕಿದಳು, ಕೆಳಗೆ ಕೂತಳು, ಆ ತಣ್ಣನೆಯ ಪಾದ ಹಿಡಿದುಕೊಂಡಳು.

"ಏಳ್ರಿ ಅತ್ತಿ. ನೀವು ಏಳ್ಲಿ ಅಂತ ಇಟ್ಟಿದ್ದೆನ್ರಿ. ಎದ್ದು ಕುಂದ್ರಲಿ ಅಂತ ಇಟ್ಟಿದ್ದೆ."

ಹೆಣದ ಮುಂದೆ ಎಲ್ಲ ಸೊಸೆಯಂದಿರೂ ಏಳ್ರಿ ಅತ್ತಿ ಎಂದೇ ಅಳುತ್ತಾರೆ. ಪಕ್ಕದಲ್ಲಿದ್ದ ಹೆಂಗಸರು ಅವಳ ಬೆನ್ನು ಸವರಿ, ಅದೇ ಮಾತು ಹಿಡಿದು ತಾವೂ ಅಳತೊಡಗಿದರು.