ಮುಪ್ಪಿಲ್ಲದವನ ಆಯಸ್ಸು

ತಾದೇಯಾ ರಾಜಧಾನಿ ಲ್ಯುಬ್ಲ್ಯಾನಾದಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಹುಟ್ಟೂರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ‘ಸಾವಿಲ್ಲದ ಬದುಕು ಸಾಧ್ಯವೇ?’ ಎಂದು ಮಾತಾಡಲು ಒಪ್ಪಿಕೊಂಡಾಗ ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದಳು. ಆ ಭಾನುವಾರ ಹೆಂಚು ಹಾರಿಸುವಂಥ ಗಾಳಿ. ಬೆಚ್ಚಗೆ ಕೂರಲು ಬೇರೆ ಜಾಗವಿಲ್ಲದ್ದಕ್ಕೋ ಏನೋ, ಹಾಲ್ ತುಂಬಿಹೋಯಿತು.

“ಮುಪ್ಪು ಬರಲೇಬೇಕು ಅಂತ ಭೌತಶಾಸ್ತ್ರ ಎಲ್ಲೂ ಹೇಳಲ್ಲ,” ಎಂದು ಶುರುಮಾಡಿದಳು. “ಬಿಟ್ಟರೆ ಎಲ್ಲಾನೂ ಕೆಡ್ತಾ ಹೋಗುತ್ತೆ, ನಿಜ. ಆದ್ರೆ ದೇಹ ಉಂಡು, ಶಾಖ ಹೊರಗೆ ಬಿಟ್ಟು, ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಕೆಡೋದಕ್ಕಿಂತ ರಿಪೇರಿ ಚುರುಕಾಗಿದ್ರೆ ಆಯ್ತು.”

ಮುಂದಿನ ಸಾಲಿನಲ್ಲಿ ವಿಂಕೊ ಕೈಯೆತ್ತಿದ. ಪ್ರವಾಸಿಗರಿಗೆ ಗುಹೆ ತೋರಿಸಿಕೊಂಡೇ ನಲವತ್ತು ವರ್ಷ ಕಳೆದ ವಿಧುರ, ವಯಸ್ಸು ಎಂಬತ್ತೆರಡು.

“ಹಾಗಾದ್ರೆ ನಾನು ಸಾಯೋದೇ ಇಲ್ವೇನಮ್ಮ?”

“ಸಾಯ್ತೀರಿ ಮಾಮ. ಇಪ್ಪತ್ತರ ಮೈ ಹಾಗೇ ಉಳಿದ್ರೂ ಒಂದಿನ ಬಸ್ಸು ಗುದ್ದುತ್ತೆ, ಇಲ್ಲಾ ಕಾಲು ಜಾರುತ್ತೆ. ಅಂಥವ್ರಿಗೆ ಸರಾಸರಿ ಒಂದೆರಡು ಸಾವಿರ ವರ್ಷ ಅನ್ನಿ.”

“ಇವನಿಗೆ ಇನ್ನೂರೇ ಹಾಕು!” ಹಿಂದಿನಿಂದ ಕೂಗಿದಳು ಯುಸ್ತಿನಾ, ವಿಂಕೊನ ಪಕ್ಕದ ಮನೆಯ ವಿಧವೆ. “ಬೆಳಿಗ್ಗೆ ಈ ಗಾಳೀಲೂ ಸೂರು ಹತ್ತಿ ಹೆಂಚು ಜೋಡಿಸ್ತಿದ್ದ. ಅದೂ ನನ್ನ ಮನೇದು!”

ಜನ ಗೊಳ್ಳೆಂದರು. ವಿಂಕೊ ಮಾತ್ರ ನಗಲಿಲ್ಲ.

“ಈಗಿನ ನನ್ನ ಮೈಗೆ ಎಷ್ಟು ಉಳಿದಿದೆ? ಸುಳ್ಳು ಹೇಳ್ಬೇಡ.”

ತಾದೇಯಾ ಮನಸ್ಸಲ್ಲೇ ಲೆಕ್ಕ ಹಾಕಿದಳು. “ಒಂದು... ಏಳು ವರ್ಷ. ಹೆಚ್ಚೂ ಆಗ್ಬಹುದು ಮಾಮ.”

ವಿಂಕೊ ಎದ್ದು ಹಿಂದಕ್ಕೆ ತಿರುಗಿದ. “ಕೇಳಿದ್ಯಾ ಯುಸ್ತಿನಾ? ಸಾವಿರ ಅಂದಿದ್ರೆ ಇನ್ನೊಂದು ನೂರು ವರ್ಷ ಬಾಯಿ ಮುಚ್ಕೊಂಡಿರ್ತಿದ್ದೆ. ಏಳೇ ಅಂತೆ. ನನ್ನ ಮದುವೆ ಆಗ್ತೀಯಾ?”

ದೊಡ್ಡ ದೊಡ್ಡ ಸಭೆಗಳಲ್ಲೂ ಇಷ್ಟು ನೇರವಾದ ಪ್ರಶ್ನೆಯನ್ನು ತಾದೇಯಾ ಯಾರ ಬಾಯಲ್ಲೂ ಕೇಳಿರಲಿಲ್ಲ. ಯುಸ್ತಿನಾಳ ಮುಖ ಕಿವಿವರೆಗೂ ಕೆಂಪೇರಿತು.

“ಊರೆಲ್ಲಾ ಕೂತಿರೋವಾಗ ಕೇಳೋ ಮಾತೇನೋ ಇದು? ನಡಿ ಮನೆಗೆ. ಸಾರು ಒಲೆ ಮೇಲಿದೆ, ತಳ ಹಿಡೀತಿರುತ್ತೆ.”

ಇಬ್ಬರೂ ಹೊರಟರು. ಗಾಳಿಗೆ ಅವಳು ಅವನ ತೋಳು ಹಿಡಿದುಕೊಂಡದ್ದನ್ನು ನೋಡಲು ಊರೆಲ್ಲ ಕಿಟಕಿಗೆ ಮುಗಿಬಿತ್ತು. ಭಾಷಣದಲ್ಲಿ ನಕ್ಷತ್ರಗಳು ಆರಿಹೋಗುವ ಭಾಗವಿನ್ನೂ ಬಾಕಿ ಇತ್ತು. ತಾದೇಯಾ ಕಂಪ್ಯೂಟರ್ ಮುಚ್ಚಿ ತಾನೂ ಕಿಟಕಿಯ ಬಳಿ ಹೋದಳು.

ಮೇ ತಿಂಗಳಲ್ಲಿ ಅವರಿಬ್ಬರ ಮದುವೆ. ಎರಡು ಮಾತಾಡಲೆಂದು ತಾದೇಯಾ ಎದ್ದಳು. ವಿಂಕೊ ಮಾತಿಗೆ ಬಿಡದೆ ಅವಳ ಕೈಹಿಡಿದು ಕುಣಿಯಲು ಎಳೆದೊಯ್ದ.