ಕಟ್ಟು ಚೆನ್ನಾಗಿದೆ

ಗುಂಡುಸೂಜಿಯ ಚಿಕ್ಕಮ್ಮ ಊರಿನ ಅರ್ಧ ಪೇಂಟರ್‌ಗಳ ಚಿತ್ರಕ್ಕೆ ಕಟ್ಟು ಹಾಕೋಳು. ಹಾಗಾಗಿ ಎಲ್ಲಿ ಪ್ರದರ್ಶನ ಶುರುವಾದ್ರೂ ಅವಳಿಗೊಂದು ಕಾರ್ಡು ಬರ್ತಿತ್ತು. ಕಿವಿ ಹಿಂದಿನ ಪೆನ್ಸಿಲ್ ಕೂಡ ತೆಗೀದೆ ಹೋಗ್ತಿದ್ದಳು. ಗೋಡೆ ಮುಂದೆ ನಿಂತು ಚಿತ್ರ ಒಂದು ಬಿಟ್ಟು ಉಳಿದಿದ್ದೆಲ್ಲ ನೋಡ್ತಿದ್ದಳು. ಮೂಲೆ ಕೂಡಿದೆಯಾ, ಗಾಜಿನೊಳಗೆ ಧೂಳಿದೆಯಾ. ಪೇಂಟರ್ ಬಂದು "ಹೇಗಿದೆ?" ಅಂದ್ರೆ ಅವಳದು ಒಂದೇ ಮಾತು.

"ಕಟ್ಟು ಚೆನ್ನಾಗಿದೆ."

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆ ಮಾತಿಗೆ 'ಚಿತ್ರ ಒಲೆಗೆ ಹಾಕು' ಅಂತ ಅರ್ಥ ಅನ್ನೋದು ಮನೆಯವರಿಗೆ ಮಾತ್ರ ಗೊತ್ತು. ಗುಂಡುಸೂಜಿಯ ಅಕ್ಕನ ಮದುವೆ ಫೋಟೊ ನೋಡಿ ಚಿಕ್ಕಮ್ಮ ಹಾಗಂದಿದ್ದಕ್ಕೆ ಭಾವ ಇವತ್ತಿಗೂ ಅವಳ ಜೊತೆ ಮಾತು ಬಿಟ್ಟಿದಾನೆ.

ಅವತ್ತು ಸಂಜೆ ಒಟ್ಟು ಮೂರು ಕಡೆ. ಗುಂಡುಸೂಜಿ ಬಾಲದ ಹಾಗೆ ಅಂಟಿಕೊಂಡು ಹೊರಟಳು. ಕಡ್ಡಿ ಮೈ, ದೊಡ್ಡ ತಲೆ, ಆ ಹೆಸರಿಟ್ಟಿದ್ದೂ ಚಿಕ್ಕಮ್ಮನೇ. ಮೂರನೇದು ಸಂಜೆ ಚಿತ್ರಕಲೆ ಕ್ಲಾಸಿನ ಮಕ್ಕಳ ಪ್ರದರ್ಶನ. ಗೋಡೆ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಇಪ್ಪತ್ಮೂರನೇ ನಂಬರ್ ಗುಂಡುಸೂಜಿದು. ಟ್ಯೂಷನ್ ಅಂತ ಮನೇಲಿ ಸುಳ್ಳು ಹೇಳಿ ಆ ಕ್ಲಾಸಿಗೆ ಹೋಗಿ ಬರೆದಿದ್ದು, ಚಿಕ್ಕಮ್ಮನಿಗೂ ಗೊತ್ತಿಲ್ಲ. ಬ್ಯಾಗಲ್ಲಿ ಮಡಚಿಟ್ಟ ಕಾಲೇಜು ಫಾರಂ ಇತ್ತು, ನಾಳೆ ಮಧ್ಯಾಹ್ನದೊಳಗೆ ಕೊಡಬೇಕು. ಅದರಲ್ಲಿ ಎರಡು ಚೌಕ, ಒಂದಕ್ಕೆ ಟಿಕ್ ಹಾಕಬೇಕು. ಒಂದು ಚಿತ್ರಕಲೆ, ಇನ್ನೊಂದು ಅಪ್ಪ ಹೇಳಿದ ಫಾರ್ಮಸಿ. ಟೀಚರ್‌ಗಳು ಎಲ್ಲರಿಗೂ ಶಭಾಷ್ ಅಂತಾರೆ, ಚಿಕ್ಕಮ್ಮ ಯಾರಿಗೂ ಅನ್ನಲ್ಲ. ಅವಳು ಇಪ್ಪತ್ಮೂರರ ಮುಂದೆ ನಿಂತು 'ಕಟ್ಟು ಚೆನ್ನಾಗಿದೆ' ಅಂದ್ಲೋ, ಮುಗೀತು, ಜೀವನಪೂರ್ತಿ ಕೆಮ್ಮಿನ ಸಿರಪ್ಪು. ಹಾಗಂತ ಗುಂಡುಸೂಜಿ ತನಗೆ ತಾನೇ ಮಾತು ಕೊಟ್ಕೊಂಡಿದ್ದಳು.

ಮೊದಲನೇ ಕಡೆ ಗಾಜಿನ ಬಾಗಿಲು, ಒಳಗೆ ಮೈ ನಡುಗೋ ಏಸಿ. ಬಿಳಿ ಮೇಲೆ ಬಿಳಿ ಬಳಿದ ಹದಿನೆಂಟು ಚಿತ್ರ, ಎಲ್ಲದಕ್ಕೂ ಚಿಕ್ಕಮ್ಮಂದೇ ಕಟ್ಟು. ಜನ ಚಿತ್ರಕ್ಕೆ ಬೆನ್ನು ಹಾಕಿ ಒಬ್ಬರನ್ನೊಬ್ಬರು ನೋಡ್ತಿದ್ರು. ಒಬ್ಬ ಗಡ್ಡದವನು ಮೈಕ್ ಹಿಡಿದು "ಇಲ್ಲಿ ಇಲ್ಲದಿರುವುದೇ ಇದೆ" ಅಂದ. ಎಲ್ಲರೂ ತಲೆ ಆಡಿಸಿದ್ರು.

"ಇಲ್ಲದೇ ಇರೋದು ಇವನ ತಲೇಲಿ" ಅಂದ್ಲು ಚಿಕ್ಕಮ್ಮ, ಕಡ್ಡಿ ಚುಚ್ಚಿದ ಚೀಸ್ ತುಂಡು ನಾಲ್ಕು ಎತ್ತಿ ಟಿಶ್ಯೂನಲ್ಲಿ ಸುತ್ತಿಕೊಳ್ತಾ. "ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ಕಣೆ ಇವೆಲ್ಲ."

ಪೇಂಟರ್ ಓಡಿ ಬಂದ. "ಹೇಗಿದೆ ಮೇಡಂ?"

"ಕಟ್ಟು ಚೆನ್ನಾಗಿದೆ."

ಅವನು ಎದೆ ಮೇಲೆ ಕೈ ಇಟ್ಕೊಂಡ. "ನಿಮ್ಮ ಬಾಯಲ್ಲಿ ಕೇಳೋದೇ ಒಂದು ಭಾಗ್ಯ." ಗುಂಡುಸೂಜಿ ನಗು ತಡೆಯೋಕಾಗ್ದೆ ಬಿಳಿ ಚಿತ್ರದ ಕಡೆ ತಿರುಗಿ ನಿಂತಳು. ಭುಜ ಕುಲುಕ್ತಿತ್ತು. ಪಕ್ಕದ ಹೆಂಗಸು ಇವಳು ಅಳ್ತಿದಾಳೆ ಅಂದ್ಕೊಂಡು ಬೆನ್ನು ಸವರಿದಳು.

ಎರಡನೇದು ಹಳೇ ಗ್ಯಾರೇಜು. ಬಾಗಿಲಷ್ಟು ದೊಡ್ಡ ಫೋಟೊಗಳು, ಎಲ್ಲದರಲ್ಲೂ ಕೂಲಿಯವರ ಒಡೆದ ಹಿಮ್ಮಡಿ.

"ಇವರನ್ನ ಕೇಳಿ ತೆಗೆದ್ರಾ?" ಚಿಕ್ಕಮ್ಮ ಫೋಟೊಗ್ರಾಫರ್‌ನ ಕೇಳಿದಳು.

"ಕೇಳಿದ್ರೆ ಸಹಜತೆ ಹೋಗುತ್ತಲ್ಲ."

"ಮುಖ ಯಾಕೆ ಇಲ್ಲ?"

"ಹಿಮ್ಮಡೀನೇ ಅವರ ಮುಖ."

ಚಿಕ್ಕಮ್ಮ ಅವನ ಹೊಳೆಯೋ ಬೂಟನ್ನೇ ಸ್ವಲ್ಪ ಹೊತ್ತು ನೋಡಿದಳು. "ಕಟ್ಟು ಬಹಳ ಚೆನ್ನಾಗಿದೆ" ಅಂದ್ಲು. ಆ 'ಬಹಳ' ಗುಂಡುಸೂಜಿ ಹುಟ್ಟಿದಾಗಿಂದ ಕೇಳಿರಲಿಲ್ಲ. ಈ ಸಲ ನಗು ಬರಲಿಲ್ಲ. ಮುಂದಿನದು ಮೂರನೇದು.

ಅದೊಂದು ಟ್ಯೂಬ್‌ಲೈಟ್ ಹಾಲ್. ಹೆತ್ತವರು ಮಕ್ಕಳನ್ನ ಚಿತ್ರದ ಪಕ್ಕ ನಿಲ್ಲಿಸಿ ಫೋಟೊ ತೆಗೀತಿದ್ರು. ಚಿಕ್ಕಮ್ಮ ಸರಸರ ನಡೆದಳು. ಕುದುರೆಗೆ, "ಕಟ್ಟು ಚೆನ್ನಾಗಿದೆ." ಸೂರ್ಯಾಸ್ತಕ್ಕೆ, "ಕಟ್ಟು ಚೆನ್ನಾಗಿದೆ." ಅಳೋ ಮುದುಕನಿಗೆ ಅದೂ ಇಲ್ಲ, ಬರೀ ಆಕಳಿಕೆ.

ಇಪ್ಪತ್ಮೂರರ ಮುಂದೆ ನಿಂತಳು.

ಸಿಂಕಲ್ಲಿ ನೆನೆಹಾಕಿದ ಪಾತ್ರೆಗಳು. ತಳ ಹಿಡಿದ ಒಂದು ಬೋಗುಣಿ, ಒಂದು ಸೌಟು, ಸೌಟಿನೊಳಗೆ ನಿಂತ ನೀರಲ್ಲಿ ಕಿಟಕಿ. ಗುಂಡುಸೂಜಿ ನೆಲದ ಟೈಲ್ಸ್ ಎಣಿಸೋಕೆ ಶುರು ಮಾಡಿದಳು. ಹನ್ನೊಂದಾಯ್ತು.

"ಈ ಕಟ್ಟು ಯಾವ ಕತ್ತೆ ಹಾಕಿದ್ದು?"

ಗುಂಡುಸೂಜಿಗೆ ಟೈಲ್ಸ್ ಲೆಕ್ಕ ತಪ್ಪಿತು. ಕಟ್ಟೂ ಚೆನ್ನಾಗಿಲ್ವಂತೆ. ಕುದುರೆಗೆ ಸಿಕ್ಕಿದ್ದೂ ತನಗೆ ಸಿಗಲಿಲ್ಲ.

ಚಿಕ್ಕಮ್ಮ ಬಿಡಲಿಲ್ಲ. ಮೂಲೆಗೆ ಉಗುರು ತೂರಿಸಿದಳು. "ನೋಡು, ಇರುವೆ ಸಂಸಾರ ಹೂಡಬಹುದು ಇಲ್ಲಿ. ಮರದ ಪಟ್ಟಿ ಹಲ್ಲಲ್ಲಿ ಕಚ್ಚಿ ಕತ್ತರಿಸಿದಾನಾ? ಗಾಜಿನೊಳಗೆ ಬೆರಳಚ್ಚು ಬೇರೆ." ದನಿ ಏರ್ತಾ ಹೋಯ್ತು. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. "ಆ ಬಿಳಿ ಸುಣ್ಣಕ್ಕೆ ತೇಗದ ಕಟ್ಟು ಹಾಕಿಸ್ತಾರೆ. ಈ ಸೌಟು ನೋಡೇ, ಪಾತ್ರೆ ತಿಕ್ಕಿದ ಕೈ ಬರೆದಿರೋದು ಇದು. ಇಂಥದಕ್ಕೆ ಇಂಥ ಕಟ್ಟಾ? ಇದನ್ನ ಹಾಕಿದವನ ಕೈಗೆ ಮೊಳೆ ಹೊಡೀಬೇಕು."

ಗುಂಡುಸೂಜಿಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯ್ತು. ಇಷ್ಟು ವರ್ಷದಲ್ಲಿ ಚಿಕ್ಕಮ್ಮ ಕಟ್ಟನ್ನ ಬೈದಿದ್ದು ಇದೇ ಮೊದಲು.

"ಅದು... ನಾನೇ."

"ಏನು ನೀನೇ?"

"ಕಟ್ಟು. ನಿನ್ನ ಅಂಗಡಿಗೆ ತಂದ್ರೆ ನಿಂಗೆ ಗೊತ್ತಾಗುತ್ತೆ ಅಂತ ಅಲ್ಲಿಂದ ಚೂರುಪಾರು ಪಟ್ಟಿ ಎತ್ತಿಕೊಂಡು ಹೋಗಿ..."

"ನನ್ನ ಪಟ್ಟೀನಾ?" ಚಿಕ್ಕಮ್ಮ ಮೂಲೆ ನೋಡಿದಳು, ಚಿತ್ರ ನೋಡಿದಳು, ಕೊನೆಗೆ ಇವಳನ್ನ ನೋಡಿದಳು. "ಮತ್ತೆ ಸೌಟು?"

"ಅದೂ ನಾನೇ."

ಚಿಕ್ಕಮ್ಮ ಚೀಸ್ ಸುತ್ತಿದ್ದ ಟಿಶ್ಯೂ ಬಿಚ್ಚಿದಳು. ತುಂಡುಗಳನ್ನ ಇವಳ ಕೈಗೆ ಸುರಿದು ಟಿಶ್ಯೂನಿಂದ ಗಾಜು ಒರೆಸಿದಳು. ಚೀಸಿನ ಜಿಡ್ಡು ಬಳ್ಕೊಂಡು ಗಾಜು ಇನ್ನೂ ಕೆಟ್ಟು ಹೋಯ್ತು.

"ಕಳ್ಳಿ" ಅಂದ್ಲು. "ಪ್ರದರ್ಶನ ಮುಗಿದ ದಿನವೇ ಇದು ಅಂಗಡಿಗೆ ಬರಬೇಕು. ನೀನು ಮಾತ್ರ ಗರಗಸ ಮುಟ್ಟಕೂಡದು."

ಗುಂಡುಸೂಜಿ ನಾಲ್ಕೂ ತುಂಡು ಒಟ್ಟಿಗೆ ಬಾಯಿಗೆ ಹಾಕ್ಕೊಂಡು ಫಾರಂ ತೆಗೆದಳು, ಇಪ್ಪತ್ಮೂರರ ಪಕ್ಕದ ಗೋಡೆಗೆ ಒತ್ತಿ ಹಿಡಿದಳು, ಚಿಕ್ಕಮ್ಮನ ಕಿವಿ ಹಿಂದಿನ ಪೆನ್ಸಿಲ್‌ಗೆ ಕೈ ಚಾಚಿದಳು.

ಚಿಕ್ಕಮ್ಮ ಎರಡು ಚೌಕಾನೂ ಓದಿದಳು. ಕೈಗೆ ಪಟ್ ಅಂತ ಹೊಡೆದಳು.

"ಪೆನ್ನಲ್ಲಿ ಹಾಕೇ. ನಿಮ್ಮಪ್ಪನ ಹತ್ರ ರಬ್ಬರ್ ಇರುತ್ತೆ."